ಹೇಲೋ ಮತ್ತು ಗೇರ್ಸ್ ಆಫ್ ವಾರ್: ಒಂದು ಲಾಂಛನದ ಉತ್ತರಾಧಿಕಾರವನ್ನು ಕುರಿತು

ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯು 2001ನೆಯ ಇಸವಿಯಲ್ಲಿ ಹೊರತಂದ ಎಕ್ಸ್‌ಬಾಕ್ಸ್ ಎಂಬ ಆಟದ ಯಂತ್ರಕ್ಕೆ 'ಹೇಲೋ' ಎಂಬ ಶೂಟರ್ ಆಟವು ಲಾಂಛನಪ್ರಾಯವಾಗಿ ನಿಂತಿತೆಂಬುದು ಈ ವಿಷಯವನ್ನು ಬಲ್ಲವರೆಲ್ಲರೂ ಒಪ್ಪಿರುವ ಮಾತು. ಅದೇ ಸಂಸ್ಥೆಯ ಎರಡನೆಯ ಯಂತ್ರವಾದ ಎಕ್ಸ್‌ಬಾಕ್ಸ್ 360ರ ಕಾಲದಲ್ಲಿ, 2006ರ ನವೆಂಬರ್ 7ರಂದು, 'ಗೇರ್ಸ್ ಆಫ್ ವಾರ್' ಎಂಬ ಮತ್ತೊಂದು ಶೂಟರ್ ಪ್ರಕಟವಾಯಿತು. ಇದು ಹೇಲೋವಿನ ಸ್ಥಾನವನ್ನು ಕಸಿದುಕೊಳ್ಳಬಲ್ಲುದೇ ಎಂಬ ಪ್ರಶ್ನೆ ಅಂದಿನಿಂದಲೂ ಚರ್ಚೆಯಲ್ಲಿದೆ. ಚರ್ಚಿಸುವವರಲ್ಲಿ ಹೆಚ್ಚಿನವರು ಎರಡು ಆಟಗಳ ಗುಣದೋಷಗಳನ್ನು ತಕ್ಕಡಿಯಲ್ಲಿಟ್ಟು ತೂಗಿ, ತೂಕ ಹೆಚ್ಚಿದುದಕ್ಕೆ ಪಟ್ಟವನ್ನು ಕಟ್ಟುತ್ತಾರೆ. ಈ ಕ್ರಮವೇ ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಒಂದು ಕೃತಿಯ ಶ್ರೇಷ್ಠತೆಯೂ ಅದರ ಲಾಂಛನತ್ವವೂ ಬೇರೆ ಬೇರೆ. ಒಂದರಿಂದ ಮತ್ತೊಂದನ್ನು ಅನುಮಾನಿಸಲು ಬರುವುದಿಲ್ಲ.

ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಇಂಥ ವಿಷಯಕ್ಕೆ ಎಡೆಯುಂಟೇ ಎಂದು ಕೇಳುವವರಿರಬಹುದು. ಲಾಂಛನಗಳ ಏರಿಳಿತವು ನಮ್ಮ ಶಾಸ್ತ್ರಕ್ಕೆ ಹೊಸದೇನೂ ಅಲ್ಲ. ಬಾದಾಮಿಯ ಚಾಲುಕ್ಯರದು ವರಾಹ ಲಾಂಛನ. ಅವರನ್ನು ಕೆಡವಿದ ರಾಷ್ಟ್ರಕೂಟರದು ಗರುಡ. ಎರಡು ಶತಮಾನಗಳಿಗೂ ಮಿಕ್ಕಿ ಗರುಡವೇ ಮೆರೆದ ಮೇಲೆ, 973ರಲ್ಲಿ ಇಮ್ಮಡಿ ತೈಲಪನು ಅಧಿಕಾರಕ್ಕೆ ಬಂದಾಗ ಅವನ ವಂಶದವರು ಹಳೆಯ ವರಾಹವನ್ನೇ ಮತ್ತೆ ಧರಿಸಿದರು. ಗರುಡಕ್ಕಿಂತ ವರಾಹವು ಸುಂದರವಾಗಿದ್ದಿತೆಂಬುದಕ್ಕಾಗಿ ಅವರು ಹಾಗೆ ಮಾಡಲಿಲ್ಲ. ತಾವು ಯಾರ ಪೀಳಿಗೆಯವರೆಂದು ಸಾರುವುದಕ್ಕೆ ಅದು ಬೇಕಾಗಿದ್ದಿತು. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯುವುದು ಯುಕ್ತವಲ್ಲ, ವ್ಯಾಪಾರ ಸಂಸ್ಥೆಯೊಂದು ರಾಜವಂಶವಲ್ಲವಷ್ಟೆ. ಆದರೂ ಲಾಂಛನವನ್ನು ಕುರಿತು ಕೇಳತಕ್ಕ ಪ್ರಶ್ನೆ ಯಾವುದೆಂಬುದು ಇದರಿಂದ ಸ್ಪಷ್ಟವಾಗುತ್ತದೆ: ಅದು ಯಾರಿಗಾಗಿ ಏನನ್ನು ಸಾರುತ್ತಿದ್ದಿತು?

ಹೇಲೋವಿನ ಹುಟ್ಟನ್ನು ನೋಡೋಣ. ಅದನ್ನು ರಚಿಸಿದ ಬಂಜಿ ಎಂಬ ಸಂಸ್ಥೆಯು 1991ರಲ್ಲಿ ಷಿಕಾಗೋ ನಗರದಲ್ಲಿ ಸ್ಥಾಪಿತವಾದುದು. ಮ್ಯಾಕಿಂತೋಷ್ ಗಣಕಗಳಿಗೆ ಆಟಗಳನ್ನು ಮಾಡಿ ಹೆಸರು ಗಳಿಸಿದ್ದ ಚಿಕ್ಕ ಗುಂಪು ಅದು. 1999ರ ಜುಲೈಯಲ್ಲಿ ನ್ಯೂಯಾರ್ಕಿನ ಮ್ಯಾಕ್‌ವರ್ಲ್ಡ್ ಸಮ್ಮೇಳನದಲ್ಲಿ ಹೇಲೋವನ್ನು ಮೊದಲು ಲೋಕಕ್ಕೆ ಪರಿಚಯಿಸಿದವರು ಆಪಲ್ ಸಂಸ್ಥೆಯ ಸ್ಟೀವ್ ಜಾಬ್ಸ್ ಎಂಬುದನ್ನು ಇಂದಿನ ವಿದ್ಯಾರ್ಥಿಗಳು ನಂಬಲಾರರು. ಮರುವರ್ಷ, 2000ದ ಜೂನ್ ತಿಂಗಳಲ್ಲಿ, ಮೈಕ್ರೋಸಾಫ್ಟ್ ಆ ಸಂಸ್ಥೆಯನ್ನೇ ಕೊಂಡುಕೊಂಡಿತು. ಮೊದಲು ತಂತ್ರಪ್ರಧಾನವಾದ ಆಟವಾಗಿ, ಬಳಿಕ ನಾಯಕನ ಬೆನ್ನ ಹಿಂದಿನಿಂದ ನೋಡುವ ಆಟವಾಗಿ ಕಲ್ಪಿತವಾಗಿದ್ದ ಹೇಲೋ, ಕಡೆಗೆ ನಾಯಕನ ಕಣ್ಣಿನಿಂದಲೇ ನೋಡುವ ಶೂಟರ್ ಆಗಿ, 2001ರ ನವೆಂಬರ್ 15ರಂದು ಯಂತ್ರದ ಜೊತೆಯಲ್ಲಿಯೇ ಹೊರಬಂದಿತು.

ಆಗ ಆ ಯಂತ್ರವನ್ನು ಕೊಳ್ಳಲು ಜನಕ್ಕೆ ಕಾರಣವೇ ಇರಲಿಲ್ಲ. ಸೋನಿಯ ಪ್ಲೇಸ್ಟೇಷನ್ 2 ಅದಾಗಲೇ ಮನೆಮನೆಗಳಲ್ಲಿ ನೆಲೆಸಿದ್ದಿತು. ನಿಂಟೆಂಡೋ ಹಳೆಯ ಮನೆತನ. ಕಚೇರಿಯ ತಂತ್ರಾಂಶವನ್ನು ಮಾರುವ ಸಂಸ್ಥೆಯು ಆಟದ ಯಂತ್ರವನ್ನೇಕೆ ಮಾಡಬೇಕೆಂಬ ಪ್ರಶ್ನೆಗೆ ಹೇಲೋ ಒಂದೇ ಉತ್ತರವಾಗಿದ್ದಿತು. ಅದಕ್ಕೂ ಮಿಗಿಲಾಗಿ, ಕೀಲಿಮಣೆ ಮತ್ತು ಮೌಸ್‌ಗಳ ಸೊತ್ತೆಂದು ತಿಳಿಯಲಾಗಿದ್ದ ಈ ಬಗೆಯ ಆಟವನ್ನು ಎರಡು ಹೆಬ್ಬೆರಳುಗಳಿಂದ ಆಡುವುದನ್ನು ಅದು ಜನರಿಗೆ ಕಲಿಸಿತು. ಇದರಲ್ಲಿ ಅದೇ ಮೊದಲನೆಯದಲ್ಲ. ನಿಂಟೆಂಡೋ 64ರ ಮೇಲೆ 1997ರಲ್ಲಿ ಬಂದ 'ಗೋಲ್ಡನ್‌ಐ 007' ದಾರಿಯನ್ನು ತೋರಿಸಿಯಾಗಿದ್ದಿತು. ಆದರೆ ಎರಡೇ ಆಯುಧಗಳನ್ನು ಹೊತ್ತು ನಡೆಯುವ ಕಟ್ಟಳೆ, ಅಡಗಿ ಕಾದರೆ ತಾನಾಗಿ ತುಂಬಿಕೊಳ್ಳುವ ಕವಚ, ಕೈಬಾಂಬಿಗೆಂದೇ ಮೀಸಲಾದ ಗುಂಡಿ, ಇವು ಹೇಲೋವಿನ ನಂತರ ಈ ಜಾತಿಯ ಆಟಗಳ ವ್ಯಾಕರಣದಲ್ಲಿ ಸೇರಿಹೋದುವು.

ಇನ್ನು ಗೇರ್ಸ್. ಇದನ್ನು ರಚಿಸಿದ ಎಪಿಕ್ ಗೇಮ್ಸ್ ಕೂಡ 1991ರಲ್ಲಿಯೇ ಹುಟ್ಟಿದುದು, ಕಾಕತಾಳೀಯವೆಂದು ಬಿಡಬಹುದು. ಪ್ರಧಾನ ವಿನ್ಯಾಸಕರು ಕ್ಲಿಫ್ ಬ್ಲೆಸಿನ್ಸ್ಕಿ. ಆಟಗಾರನು ಗೋಡೆಗೋ ಕಂಬಕ್ಕೋ ಒರಗಿ ಅಡಗಿ, ಇಣುಕಿ ಹೊಡೆದು, ಮತ್ತೆ ಅಡಗುವ ಪದ್ಧತಿಯೇ ಇದರ ಪ್ರಾಣ. ಇದಕ್ಕೆ 2003ರ 'ಕಿಲ್ ಸ್ವಿಚ್' ಎಂಬ ಆಟದ ಋಣವುಂಟು. ಭುಜದ ಮೇಲಿಂದ ನೋಡುವ ದೃಷ್ಟಿಗೆ 2005ರ 'ರೆಸಿಡೆಂಟ್ ಈವಿಲ್ 4'ರ ಋಣವುಂಟು. ಸಾಲವನ್ನು ಪಡೆದೂ ಸ್ವಂತವಾಗಿ ಬದುಕಿದ ಕೃತಿಯೆಂದು ಹೇಳಬೇಕು. ಹೇಲೋವಿನ ನಾಯಕನು ಬಯಲಿನಲ್ಲಿ ನೆಗೆಯುತ್ತಾನೆ. ಗೇರ್ಸಿನ ಮಾರ್ಕಸ್ ಫೀನಿಕ್ಸನಿಗೆ ನೆಗೆಯುವುದೇ ತಿಳಿಯದು. ಅವನ ಮೈಭಾರವು ಆಡುವವನ ಕೈಗೆ ತಾಗುತ್ತದೆ. ಗುಂಡುಗಳನ್ನು ತುಂಬುವಾಗ ಸರಿಯಾದ ಕ್ಷಣದಲ್ಲಿ ಗುಂಡಿಯನ್ನು ಒತ್ತಿದರೆ ಲಾಭ, ತಪ್ಪಿದರೆ ಬಂದೂಕು ಸಿಕ್ಕಿಕೊಳ್ಳುವ ನಷ್ಟ: ಈ ಸಣ್ಣ ಕಲ್ಪನೆಯೊಂದರಲ್ಲಿಯೇ ಯುದ್ಧದ ಗಡಿಬಿಡಿ ಎಷ್ಟೋ ಅಡಗಿದೆ.

ಆಗ ನಡೆದುದೇನೆಂಬುದಕ್ಕೆ ಪ್ರಮಾಣಗಳಿವೆ. 2004ರ ನವೆಂಬರ್ 9ರಂದು ಬಂದ 'ಹೇಲೋ 2' ಮೊದಲ 24 ಗಂಟೆಗಳಲ್ಲಿ 12.5 ಕೋಟಿ ಡಾಲರುಗಳನ್ನು ಗಳಿಸಿ, ಮೈಕ್ರೋಸಾಫ್ಟಿನ ಜಾಲವಾದ ಎಕ್ಸ್‌ಬಾಕ್ಸ್ ಲೈವಿನಲ್ಲಿ ಅತ್ಯಂತ ಜನಪ್ರಿಯ ಆಟವಾಗಿ ಎರಡು ವರ್ಷ ನಿಂತಿತು. ಎಕ್ಸ್‌ಬಾಕ್ಸ್ 360 ಯಂತ್ರವು 2005ರ ನವೆಂಬರಿನಲ್ಲಿ ಬಂದಾಗಲೂ, ಹಳೆಯ ಯಂತ್ರದ ಆ ಆಟವೇ ಮುಂದಿದ್ದಿತು. ಆ ಸ್ಥಾನದಿಂದ ಅದನ್ನು ಇಳಿಸಿದುದು ಗೇರ್ಸ್. ಹತ್ತು ವಾರಗಳಲ್ಲಿ ಅದರ 30 ಲಕ್ಷ ಪ್ರತಿಗಳು ಮಾರಾಟವಾದುವು. ಆದುದರಿಂದ, 'ಗೇರ್ಸ್ ಹೇಲೋವಿನ ಸ್ಥಾನಕ್ಕೆ ಬರಬಹುದಾಗಿದ್ದಿತೇ' ಎಂದು ಊಹೆಯ ರೂಪದಲ್ಲಿ ಕೇಳುವ ಅಗತ್ಯವಿಲ್ಲ. ಬಂದಿತು, ಸುಮಾರು ಹತ್ತು ತಿಂಗಳು ಅಲ್ಲಿಯೇ ಇದ್ದಿತು. 2007ರ ಸೆಪ್ಟೆಂಬರ್ 25ರಂದು 'ಹೇಲೋ 3' ಬಂದು ಅಮೆರಿಕದಲ್ಲಿ ಒಂದೇ ದಿನ 17 ಕೋಟಿ ಡಾಲರುಗಳ ವ್ಯಾಪಾರವನ್ನು ಮಾಡಿದಾಗ, ಆ ಹತ್ತು ತಿಂಗಳು ಒಂದು ಮಧ್ಯಂತರವೆಂಬಂತೆ ತೋರಿತು. ಪ್ರಥಮ ಸ್ಥಾನ ಕೈಗೆ ಬಂದರೂ ಲಾಂಛನತ್ವವು ಜೊತೆಯಲ್ಲಿ ಏಕೆ ಬರಲಿಲ್ಲ? ವಿಚಾರಕ್ಕೆ ಯೋಗ್ಯವಾದುದು ಇದೇ.

ಭಾರತದ ಮಟ್ಟಿಗೆ ಕ್ರಮವೇ ಬೇರೆಯಾಗಿದ್ದಿತೆಂಬುದನ್ನು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದು. ನಮ್ಮಲ್ಲಿ ಎಕ್ಸ್‌ಬಾಕ್ಸ್ 360 ಮಾರಾಟಕ್ಕೆ ಬಂದುದು 2006ರಲ್ಲಿ, ಗೇರ್ಸ್ ಹೊರಟ ವರ್ಷವೇ. ಬೆಂಗಳೂರಿನ ಹುಡುಗನೊಬ್ಬನು ಆಗ ಆ ಯಂತ್ರವನ್ನು ಕೊಂಡಿದ್ದರೆ ಅವನಿಗೆ ಹೊಸದಾಗಿ ಕಂಡುದು ಗೇರ್ಸೇ ಹೊರತು ಹೇಲೋ ಅಲ್ಲ. ಯಾವುದು ಯಂತ್ರದ ಗುರುತು ಎಂದು ಅವನನ್ನು ಕೇಳಿದರೆ ಉತ್ತರವು ಸಿಯಾಟಲಿನವನ ಉತ್ತರದಂತಿರಬೇಕೆಂಬ ನಿಯಮವಿಲ್ಲ. ಲಾಂಛನವೂ ದೇಶಕಾಲಗಳಿಗೆ ಒಳಪಟ್ಟುದು.

ಕಾರಣಗಳಿಗೆ ಬರೋಣ. ಗೇರ್ಸ್ ಮೈಕ್ರೋಸಾಫ್ಟಿನ ಸೊತ್ತಾಗಿರಲಿಲ್ಲ. ಪ್ರಕಾಶನ ಮಾತ್ರ ಆ ಸಂಸ್ಥೆಯದು. ಹಕ್ಕು ಎಪಿಕ್ ಸಂಸ್ಥೆಯದು. ಎಪಿಕ್ ಸಂಸ್ಥೆಯ ಮುಖ್ಯ ಸರಕಾದರೋ ಆಟಗಳಿಗೆ ಅಸ್ತಿಭಾರವಾಗುವ ಅನ್‌ರಿಯಲ್ ಇಂಜಿನ್ ಎಂಬ ತಂತ್ರಾಂಶ. ಅದರ ಮೂರನೆಯ ಆವೃತ್ತಿಯು ಏನು ಮಾಡಬಲ್ಲುದೆಂಬುದಕ್ಕೆ ಗೇರ್ಸ್ ಒಂದು ಪ್ರದರ್ಶನವಾಗಿದ್ದಿತು, ಮತ್ತು ಆ ಇಂಜಿನ್ ಪ್ಲೇಸ್ಟೇಷನ್ 3ರ ಆಟಗಳನ್ನು ಮಾಡುವವರಿಗೂ ಮಾರಾಟಕ್ಕಿದ್ದಿತು. ಗರಡಿಯೊಂದು ಊರಿನ ಎಲ್ಲ ಪಾಳೆಯಗಾರರಿಗೂ ಜಟ್ಟಿಗಳನ್ನು ಒದಗಿಸುವಾಗ, ಅದರ ಜಟ್ಟಿಯು ಒಬ್ಬ ಪಾಳೆಯಗಾರನ ಧ್ವಜದ ಮೇಲೆ ಏರುವುದು ಕಷ್ಟ. ಮೈಕ್ರೋಸಾಫ್ಟ್ ಗೇರ್ಸಿನ ಹಕ್ಕನ್ನು ಕೊಂಡುದು 2014ರ ಜನವರಿಯಲ್ಲಿ, ಉತ್ಸಾಹದ ಮೊದಲ ಅಲೆ ಇಳಿದ ಮೇಲೆ.

ಈ ವಾದಕ್ಕೆ ಪ್ರಬಲವಾದ ಒಂದು ಆಕ್ಷೇಪವುಂಟು. ಎಕ್ಸ್‌ಬಾಕ್ಸ್ 360ಕ್ಕೆ ಮೊದಲು 256 ಮೆಗಾಬೈಟ್ ಸ್ಮೃತಿಯನ್ನು ಮಾತ್ರ ಕೊಡಲು ಯೋಚಿಸಲಾಗಿದ್ದಿತೆಂದೂ, ಗೇರ್ಸಿನ ಚಿತ್ರವನ್ನು ಮುಂದಿಟ್ಟು ತಾವು ವಾದಿಸಿದುದರಿಂದ ಅದು 512ಕ್ಕೆ ಏರಿತೆಂದೂ ಎಪಿಕ್ ಸಂಸ್ಥೆಯವರು ಹೇಳಿಕೊಂಡಿದ್ದಾರೆ. ಹೇಳಿಕೊಂಡವರು ಪಕ್ಷಗಾರರೆಂಬುದನ್ನು ಮರೆಯತಕ್ಕದ್ದಲ್ಲ. ಆದರೂ ಯಂತ್ರವು 512 ಮೆಗಾಬೈಟ್‌ಗಳೊಡನೆ ಬಂದುದು ನಿಜ. ಹಾಗಾದರೆ ಆ ಯಂತ್ರದ ದೇಹವನ್ನೇ ರೂಪಿಸಿದ ಆಟ ಗೇರ್ಸ್, ಹೇಲೋ ಅಲ್ಲ. ಇದನ್ನು ನಾವು ಒಪ್ಪುತ್ತೇವೆ. ಆದರೆ ಮೂರ್ತಿಯನ್ನು ಕಡೆದ ಶಿಲ್ಪಿಯ ಹೆಸರು ಪೀಠದ ಕೆಳಗೆ ಇರುತ್ತದೆ. ಭಕ್ತರು ನೋಡುವುದು ಮುಖವನ್ನು. ಯಂತ್ರದೊಳಗಿನ ಸ್ಮೃತಿಯನ್ನು ಕೊಳ್ಳುವವನು ಕಾಣಲಾರನು.

ಮುಖದ ಮಾತು ಬಂದುದರಿಂದ ಅದನ್ನೇ ಸ್ವಲ್ಪ ವಿಸ್ತರಿಸುವುದು ಉಚಿತ. ಹೇಲೋವಿನ ನಾಯಕನಾದ ಮಾಸ್ಟರ್ ಚೀಫನಿಗೆ ಆಟಗಳಲ್ಲಿ ಮುಖವೇ ಇಲ್ಲವೆನ್ನಬಹುದು. ಹಸುರು ಕವಚ, ಹೊಂಬಣ್ಣದ ಕನ್ನಡಿಯಂಥ ಮುಖವಾಡ. ಎಂಥ ನಾಣ್ಯದ ಮೇಲಾದರೂ ಅಚ್ಚೊತ್ತಬಹುದಾದ ರೂಪವದು. ನೋಡುವವನಿಗೆ ಆ ಕನ್ನಡಿಯಲ್ಲಿ ತನ್ನದೇ ಬಿಂಬ. ಮಾರ್ಕಸ್ ಫೀನಿಕ್ಸನಿಗಾದರೋ ಮುಖವುಂಟು, ಗಾಯದ ಗುರುತುಂಟು, ಸೆರೆಮನೆಯಿಂದ ಬಂದವನೆಂಬ ಪೂರ್ವಚರಿತ್ರೆಯುಂಟು. ಅವನು ಒಬ್ಬ ನಿರ್ದಿಷ್ಟ ವ್ಯಕ್ತಿ. ಸಂಸ್ಥೆಯ ಮುದ್ರೆಯಾಗಲು ಅವನ ವ್ಯಕ್ತಿತ್ವವೇ ಅಡ್ಡಿ. ಗೇರ್ಸಿನ ನಿಜವಾದ ಚಿಹ್ನೆ ಗರಗಸವನ್ನು ಜೋಡಿಸಿದ ಬಂದೂಕು, ರಕ್ತವರ್ಣದ ಚಕ್ರದ ಮೇಲಿನ ತಲೆಬುರುಡೆ. ಇವನ್ನು ಮಕ್ಕಳ ಊಟದ ಡಬ್ಬಿಯ ಮೇಲೆ ಮುದ್ರಿಸಲಾಗದು. ಹೇಲೋವಿನ ಮುಖವಾಡವಾದರೋ 2007ರಲ್ಲಿ ತಂಪು ಪಾನೀಯದ ಶೀಸೆಯ ಮೇಲೂ ಕುಳಿತಿತು. ಆ ಆಟದ ಕೊರ್ಟಾನಾ ಎಂಬ ಪಾತ್ರದ ಹೆಸರನ್ನು ಮೈಕ್ರೋಸಾಫ್ಟ್ 2014ರಲ್ಲಿ ತನ್ನ ಧ್ವನಿಸಹಾಯಕ ತಂತ್ರಾಂಶಕ್ಕೇ ಇಟ್ಟಿತು. ಆಟದ ಯಂತ್ರವನ್ನು ದಾಟಿ ಮೂಲ ಸಂಸ್ಥೆಯ ಮೈಮೇಲೆ ಲಾಂಛನವು ಏರಿದುದಕ್ಕೆ ಇದಕ್ಕಿಂತ ಸಾಕ್ಷ್ಯ ಬೇಕಾಗಿಲ್ಲ.

ಎರಡು ಜಾಹೀರಾತುಗಳನ್ನು ಹೋಲಿಸಿದರೆ ವ್ಯತ್ಯಾಸ ಮತ್ತಷ್ಟು ಬೆಳಕಿಗೆ ಬರುತ್ತದೆ. 2006ರಲ್ಲಿ ಗೇರ್ಸಿಗಾಗಿ ಮಾಡಿದ ಚಿತ್ರದಲ್ಲಿ ಪಾಳುಬಿದ್ದ ನಗರದ ನಡುವೆ ಒಬ್ಬ ಯೋಧನು ಏಕಾಕಿಯಾಗಿ ಓಡುತ್ತಾನೆ. ಹಿನ್ನೆಲೆಯಲ್ಲಿ ಮೆಲುದನಿಯ ಶೋಕದ ಹಾಡು. ಆ ಕಾಲದ ಆಟಗಳ ಜಾಹೀರಾತಿನಲ್ಲಿ ಕಾಣದ ವಿಷಾದವದು. 'ಹೇಲೋ 3'ಕ್ಕಾಗಿ 2007ರಲ್ಲಿ ಮಾಡಿದ ಜಾಹೀರಾತು ಸರಣಿಯು ಬೇರೆಯೇ ರೀತಿಯದು. ಅಲ್ಲಿ ಎಂದೂ ನಡೆಯದ ಯುದ್ಧಕ್ಕೆ ಒಂದು ಸ್ಮಾರಕವುಂಟು, ರಣರಂಗದ ಪುಟ್ಟ ಬೊಂಬೆಗಳ ವಿಸ್ತಾರವಾದ ಪ್ರತಿಕೃತಿಯುಂಟು, ವಸ್ತುಸಂಗ್ರಹಾಲಯವೊಂದರಲ್ಲಿ ನಿಂತು ತಮ್ಮ ನಾಯಕನನ್ನು ನೆನೆಯುವ ಮುದಿ ಯೋಧರುಂಟು. ಇತಿಹಾಸದ ಅಧ್ಯಾಪಕರಾದ ನಮಗೆ ಇದನ್ನು ನೋಡಿ ಬೆರಗೂ ಆಯಿತು, ಕಸಿವಿಸಿಯೂ ಆಯಿತು. ವೃದ್ಧರ ಸಾಕ್ಷ್ಯ, ಸ್ಮಾರಕ, ಸಂಗ್ರಹಾಲಯ, ಇವು ನಮ್ಮ ಶಾಸ್ತ್ರದ ಸಲಕರಣೆಗಳು. ಮಾರಾಟದ ಸರಕಿಗೆ ಪೂರ್ವಕಾಲವೊಂದನ್ನು ಹೊಲಿದು ತೊಡಿಸಲು ಅವನ್ನು ಬಳಸಿಕೊಳ್ಳಲಾಯಿತು. ಗೇರ್ಸಿನ ಚಿತ್ರವು ಒಂದು ಭಾವವನ್ನು ಮಾರಿತು. ಹೇಲೋವಿನದು ಸ್ಮರಣೆಯನ್ನು ಮಾರಿತು.

ಇಷ್ಟಾದರೂ, ಯುದ್ಧವನ್ನು ಕುರಿತ ಕೃತಿಯಾಗಿ ಗೇರ್ಸ್ ಹೆಚ್ಚು ಪ್ರಾಮಾಣಿಕವೆಂದು ನಮ್ಮ ದೃಢವಾದ ಅಭಿಪ್ರಾಯ. ಅದರ ಸೆರಾ ಎಂಬ ಗ್ರಹದ ಮನುಷ್ಯರು, ನೆಲದೊಳಗಿಂದ ಶತ್ರುಗಳು ಎದ್ದುಬರುವ ಮೊದಲೇ, ಇಂಧನಕ್ಕಾಗಿ ತಮ್ಮತಮ್ಮಲ್ಲಿಯೇ 79 ವರ್ಷ ಕಾದಾಡಿದವರು. ಶತ್ರುವಿಗೆ ದಕ್ಕಬಾರದೆಂದು ತಮ್ಮ ನಗರಗಳನ್ನು, ಅವುಗಳಲ್ಲಿ ಉಳಿದಿದ್ದ ತಮ್ಮ ಜನರೊಡನೆ, ತಾವೇ ಸುಟ್ಟವರು. ಆಟವಾಡುವವನು ಓಡಾಡುವುದು ಆ ಭಗ್ನಾವಶೇಷಗಳಲ್ಲಿ. 2008ರ ಎರಡನೆಯ ಭಾಗದಲ್ಲಿ ಡೊಮಿನಿಕ್ ಎಂಬ ಯೋಧನು ಬಹುಕಾಲ ಹುಡುಕಿದ ಹೆಂಡತಿಯನ್ನು ಕಾಣುವ ಪ್ರಸಂಗವು ಅತಿಭಾವುಕತೆಯ ಅಂಚಿನಲ್ಲಿದ್ದರೂ ಮನಸ್ಸನ್ನು ಕಲಕುತ್ತದೆ. ಹೇಲೋವಿನ ಚರಿತ್ರೆಯೊಳಗೂ ಒಂದು ಕರಾಳ ಸಂಗತಿಯುಂಟು. ಮಾಸ್ಟರ್ ಚೀಫನಂಥವರನ್ನು ಎಳವೆಯಲ್ಲಿಯೇ ಮನೆಗಳಿಂದ ಅಪಹರಿಸಿ ಯೋಧರನ್ನಾಗಿ ಮಾಡಲಾಯಿತು, ಅದೂ ಮೊದಲಿಗೆ ಬಂಡೆದ್ದ ಮನುಷ್ಯರನ್ನೇ ಅಡಗಿಸುವುದಕ್ಕಾಗಿ. ಎರಿಕ್ ನೈಲಂಡರು ಬರೆದ ಕಾದಂಬರಿಯು ಇದನ್ನು 2001ರಲ್ಲಿಯೇ, ಆಟಕ್ಕಿಂತ ಕೆಲವು ದಿನ ಮೊದಲೇ ಹೇಳಿತ್ತು. ಆಟಗಳು ಈ ವಿಷಯವನ್ನು ನೇರವಾಗಿ ಎತ್ತಿದುದು 2012ರ 'ಹೇಲೋ 4'ರ ಆರಂಭದಲ್ಲಿ. ಹನ್ನೊಂದು ವರ್ಷ ಆ ಹೊಂಬಣ್ಣದ ಮುಖವಾಡವು ಅದನ್ನು ಮುಚ್ಚಿಟ್ಟುಕೊಂಡಿತು. ಲಾಂಛನವಾಗುವುದಕ್ಕೆ ತೆತ್ತ ಬೆಲೆ ಇದೆಂದು ಹೇಳಿದರೆ ತಪ್ಪಾಗಲಾರದು.

ಹೇಲೋವಿನ ಸ್ಥಾನವನ್ನು ಗಟ್ಟಿಗೊಳಿಸಿದವರು ಸಂಸ್ಥೆಯವರು ಮಾತ್ರವಲ್ಲ, ಆಡಿದವರೂ ಹೌದು. ಆಟದೊಳಗಿನ ಗೊಂಬೆಗಳಿಗೆ ಮಾತು ಕೊಟ್ಟು 2003ರಲ್ಲಿ ಆರಂಭವಾದ 'ರೆಡ್ ವರ್ಸಸ್ ಬ್ಲೂ' ಎಂಬ ಹಾಸ್ಯ ಸರಣಿಯನ್ನು ಹೊರಗಿನವರೇ ಮಾಡಿದರು. ಇದಕ್ಕಿಂತ ಅರ್ಥವತ್ತಾದ ಪ್ರಸಂಗವೊಂದು 2010ರಲ್ಲಿ ನಡೆಯಿತು. ಮೊದಲ ಎಕ್ಸ್‌ಬಾಕ್ಸಿನ ಆಟಗಳಿಗೆ ಜಾಲದ ಸೇವೆಯನ್ನು ಆ ವರ್ಷದ ಏಪ್ರಿಲ್ ತಿಂಗಳ ಮಧ್ಯದಲ್ಲಿ ನಿಲ್ಲಿಸಲಾಯಿತು. ಹೊಸದಾಗಿ ಒಳಕ್ಕೆ ಬರುವಂತಿರಲಿಲ್ಲ. ಆದರೆ ಅದಾಗಲೇ ಒಳಗಿದ್ದವರನ್ನು ಹೊರದೂಡಲಿಲ್ಲ. 'ಹೇಲೋ 2' ಆಡುತ್ತಿದ್ದ ಕೆಲವರು ಯಂತ್ರವನ್ನು ಆರಿಸದೆಯೇ ಹಗಲುರಾತ್ರಿ ಉರಿಯಬಿಟ್ಟು ಉಳಿದುಕೊಂಡರು. ದಿನದಿನಕ್ಕೆ ಅವರ ಸಂಖ್ಯೆ ಇಳಿಯುತ್ತ ಬಂದು, ಮೇ ತಿಂಗಳಲ್ಲಿ ಕೊನೆಯವನ ಸಂಪರ್ಕವೂ ಕಡಿದುಹೋಯಿತು. ಮುತ್ತಿಗೆಗೆ ಒಳಗಾದ ಕೋಟೆಯನ್ನು ಬಿಡದ ಕಾವಲುಗಾರರ ಕಥೆಗಳನ್ನು ಓದಿದವರಿಗೆ ಇದು ಅಪರಿಚಿತವೆನಿಸದು. ಗೇರ್ಸಿಗೂ ನಿಷ್ಠಾವಂತರಾದ ಆಟಗಾರರಿದ್ದರು, ಇಂದೂ ಇದ್ದಾರೆ. ಆದರೆ ಇಂಥ ಐತಿಹ್ಯವೊಂದು ಅದರ ಸುತ್ತ ಬೆಳೆಯಲಿಲ್ಲ.

ಪ್ರಭಾವದ ದಿಕ್ಕು ಮಾತ್ರ ಏಕಮುಖವಾಗಿರಲಿಲ್ಲ. ಅಲೆಅಲೆಯಾಗಿ ಬರುವ ಶತ್ರುಗಳನ್ನು ಗೆಳೆಯರು ಕೂಡಿ ಎದುರಿಸುವ 'ಹೋರ್ಡ್' ಎಂಬ ಪ್ರಕಾರವನ್ನು ಗೇರ್ಸಿನ ಎರಡನೆಯ ಭಾಗ 2008ರಲ್ಲಿ ತಂದಿತು. ಮರುವರ್ಷ ಬಂದ 'ಹೇಲೋ 3: ಓಡಿಎಸ್‌ಟಿ'ಯಲ್ಲಿ ಅದೇ ಬಗೆಯ 'ಫೈರ್‌ಫೈಟ್' ಕಾಣಿಸಿಕೊಂಡಿತು. ಅಧಿಪತಿಯು ಸಾಮಂತನಿಂದ ಕಲಿಯುವುದುಂಟು.

ಮುಂದೆ ಹೇಲೋವಿನ ಮನೆಯೇ ಶಿಥಿಲವಾಯಿತು. ಬಂಜಿ 2007ರ ಅಕ್ಟೋಬರಿನಲ್ಲಿ ಮೈಕ್ರೋಸಾಫ್ಟಿನಿಂದ ಬೇರ್ಪಟ್ಟು, 2010ರ 'ರೀಚ್' ಆದ ಮೇಲೆ ಹೇಲೋವನ್ನು ಬಿಟ್ಟುಕೊಟ್ಟಿತು. ಹೊಸ ವಾರಸುದಾರರಾದ 343 ಇಂಡಸ್ಟ್ರೀಸ್ 2014ರಲ್ಲಿ ತಂದ ಹಳೆಯ ಆಟಗಳ ಸಂಗ್ರಹವು ಜಾಲದಲ್ಲಿ ಆಡುವವರನ್ನು ಜೊತೆಗೂಡಿಸಲಾರದೆ ಅಪಕೀರ್ತಿಗೆ ಗುರಿಯಾಯಿತು. 2020ರ ನವೆಂಬರ್ 10ರಂದು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಬಿಡುಗಡೆಯಾದಾಗ ಜೊತೆಯಲ್ಲಿ ಬರಬೇಕಾಗಿದ್ದ 'ಹೇಲೋ ಇನ್‌ಫಿನಿಟ್' ಬರಲಿಲ್ಲ. ಅದು ಬಂದುದು 2021ರ ಡಿಸೆಂಬರ್ 8ರಂದು. ನಮ್ಮ ವಾದಕ್ಕೆ ಅತ್ಯುತ್ತಮವಾದ ಪರೀಕ್ಷೆ ದೊರೆಯುವುದು ಇಲ್ಲಿಯೇ. ಅದೇ ನವೆಂಬರ್ 10ರಂದು ಹೊಸ ಯಂತ್ರಕ್ಕಾಗಿ ಸಿದ್ಧಗೊಳಿಸಿದ 'ಗೇರ್ಸ್ 5' ಹಾಜರಿದ್ದಿತು. 'ಗೇರ್ಸ್ ಟ್ಯಾಕ್ಟಿಕ್ಸ್' ಕೂಡ ಅಂದೇ ಎಕ್ಸ್‌ಬಾಕ್ಸಿಗೆ ಬಂದಿತು. ಹಕ್ಕು ಮೈಕ್ರೋಸಾಫ್ಟಿನದು, ಸಿಂಹಾಸನ ಬರಿದು, ಹಕ್ಕುದಾರನು ಪಕ್ಕದಲ್ಲಿಯೇ ನಿಂತಿದ್ದಾನೆ. ಆದರೂ ಆ ಯಂತ್ರವು ಗೇರ್ಸಿನ ಯಂತ್ರವಾಗಲಿಲ್ಲ. ಜನರು ಅದನ್ನು ಹೇಲೋ ಇಲ್ಲದ ಯಂತ್ರವೆಂದೇ ಕರೆದರು. ಇಲ್ಲದಿರುವಾಗಲೂ ಹೆಸರಿಗೆ ಬರುವುದು ಲಾಂಛನದ ಲಕ್ಷಣ. ಮಾಲಿಕತ್ವವು ಅಗತ್ಯವಾದರೂ ಸಾಲದೆಂಬುದು ಇದರಿಂದ ಸಿದ್ಧವಾಗುತ್ತದೆ, ಮತ್ತು ಮೇಲೆ ನಾವು ಹೇಳಿದ ಹಕ್ಕಿನ ಕಾರಣಕ್ಕೆ ಅಷ್ಟುಮಟ್ಟಿಗೆ ಮಿತಿಯನ್ನು ಹಾಕಬೇಕಾಗುತ್ತದೆ. 2006ರಲ್ಲಿ ಹಕ್ಕು ಇದ್ದಿದ್ದರೆ ಗೇರ್ಸ್ ಗೆದ್ದೀತೇ? ಪ್ರತಿಸ್ಪರ್ಧಿಗಿಂತ ಐದು ವರ್ಷ ತಡವಾಗಿ ಹುಟ್ಟಿದುದನ್ನು ಯಾವ ಹಕ್ಕುಪತ್ರವೂ ತಿದ್ದಲಾರದು. ಯಂತ್ರದ ಹುಟ್ಟಿಗೆ ಸಾಕ್ಷಿಯಾಗುವ ಅವಕಾಶ ಒಮ್ಮೆ ಮಾತ್ರ ಬರುತ್ತದೆ. ಪ್ಲೇಸ್ಟೇಷನ್ ಪಾಳೆಯದ 'ಕಿಲ್‌ಜೋನ್' 2004ರಲ್ಲಿ ಹೇಲೋವನ್ನು ಕೆಡವುತ್ತದೆಂದು ಪತ್ರಿಕೆಗಳು ಬರೆದುದೂ ಈ ಕಾರಣದಿಂದಲೇ ಹುಸಿಯಾಯಿತು.

ಈಚಿನ ಎರಡು ಸಂಗತಿಗಳನ್ನು ದಾಖಲಿಸಿ ಈ ಬರೆಹವನ್ನು ನಿಲ್ಲಿಸಬಹುದು. ಮೊದಲ ಗೇರ್ಸಿನ ನವೀಕೃತ ರೂಪವು 2025ರ ಆಗಸ್ಟ್ 26ರಂದು ಎಕ್ಸ್‌ಬಾಕ್ಸಿನ ಜೊತೆಗೆ ಸೋನಿಯ ಪ್ಲೇಸ್ಟೇಷನ್ 5ರ ಮೇಲೂ ಪ್ರಕಟವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, 2001ರ ಹೇಲೋವನ್ನು ಹೊಸದಾಗಿ ಕಟ್ಟಿ 2026ರಲ್ಲಿ ಪ್ಲೇಸ್ಟೇಷನ್ 5ಕ್ಕೂ ತರುವುದಾಗಿ ಘೋಷಿಸಲಾಯಿತು. ಎರಡು ಲಾಂಛನಗಳೂ ಇನ್ನು ಶತ್ರುವಿನ ಪೇಟೆಯಲ್ಲಿ ಮಾರಾಟಕ್ಕಿರುವ ಸರಕುಗಳು. ಈ ಹೊಸ ಹೇಲೋವನ್ನು ಕಟ್ಟುತ್ತಿರುವುದು ಎಪಿಕ್ ಸಂಸ್ಥೆಯ ಅನ್‌ರಿಯಲ್ ಇಂಜಿನ್ನಿನ ಐದನೆಯ ಆವೃತ್ತಿಯ ಮೇಲೆ.